ಐಸಿನ ಡಬ್ಬಿಗೆ ಕೈ ಹಾಕಿದ ಸೋಡಾ ಹುಲಗಪ್ಪ

ದೇವದುರ್ಗದ ಬಸ್ ನಿಲ್ದಾಣದ ಎದುರು ಹುಲಗಪ್ಪ ಇಪ್ಪತ್ತೆರಡು ವರ್ಷ ಗೋಲಿ ಸೋಡಾ ಮಾರಿದ. ಬೇಸಿಗೆಯಲ್ಲಿ ಅವನ ಬಲಗೈ ಐಸಿನ ಡಬ್ಬಿಯೊಳಗೇ ಇರುತ್ತಿತ್ತು. ಬಾಟಲಿ ಎತ್ತಿ ಗೋಲಿ ಒತ್ತಿದರೆ ಕೀಂಯ್ ಅಂತ ಸದ್ದು. ಸದ್ದು ಕೇಳಿದ್ದೇ ಮಾನ್ವಿ ಬಸ್ಸಿನ ಕಿಟಕಿಗಳಿಂದ ಹತ್ತು ಕೈ ಹೊರಗೆ ಬರುತ್ತಿದ್ದವು. ಬೇರೆಯವರು ಗೋಲಿ ಒತ್ತಲು ಕಟ್ಟಿಗೆಯ ತುಂಡು ಇಟ್ಟುಕೊಳ್ಳುತ್ತಾರೆ. ಹುಲಗಪ್ಪನಿಗೆ ಅದು ಬೇಡ.

"ನನ್ನ ಹೆಬ್ಬಟ್ಟು ಸರಕಾರದ ಕಾಗದಕ್ಕಲ್ಲ, ಸೋಡಾಕ್ಕ" ಎಂದು ನಗುತ್ತಿದ್ದ.

ಅಂಥವನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಬಂತು. ಗೊತ್ತಾಗುವ ಹೊತ್ತಿಗೆ ಅದು ಲಿವರಿಗೆ ಹತ್ತಿತ್ತು. ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಎಂಟು ಸಲ ಔಷಧಿ ಏರಿಸಿದರು. ಗಡ್ಡೆ ಕುಗ್ಗಿತು. ಆರು ತಿಂಗಳು ಹೆಂಡತಿ ದುರುಗಮ್ಮ ನೆಮ್ಮದಿಯ ಉಸಿರು ಬಿಟ್ಟಳು. ಸಂಕ್ರಾಂತಿಗೆ ಮೊದಲು ಸ್ಕ್ಯಾನ್ ಮಾಡಿಸಿದರೆ ಗಡ್ಡೆ ತಿರುಗಿ ಬೆಳೆದಿತ್ತು.

ಸುದ್ದಿ ಕೇಳಿ ಹಿರೇಕೊಟ್ನೆಕಲ್ಲಿನಿಂದ ಹುಲಗಪ್ಪನ ಅಕ್ಕ ಹುಲಗೆಮ್ಮ ಓಡಿ ಬಂದಳು. ಬಂದವಳು ಆಸ್ಪತ್ರೆಯ ಫೈಲನ್ನು ತಮ್ಮನ ತಲೆ ಸುತ್ತ ಮೂರು ಸಲ ನಿವಾಳಿಸಿದಳು. ಉಪ್ಪು, ಲಿಂಬೆಹಣ್ಣು ಸೇರಿಸಿ ಕೆಂಪು ಬಟ್ಟೆಯಲ್ಲಿ ಕಟ್ಟಿದಳು. ಊರಿಗೆ ಹೋಗುವಾಗ ಕಾಲುವೆಗೆ ಎಸೆದಳು. ಔಷಧಿಯ ಚೀಟಿಗಳೆಲ್ಲ ಅದರಲ್ಲೇ ಇದ್ದವು.

ಮೂರು ದಿನ ಬಿಟ್ಟು ಅವಳು ತಿರುಗಿ ಬಂದಳು, ಮೂವರೂ ಹತ್ತಿರದ ರಾಯಚೂರಿನ ಆಸ್ಪತ್ರೆಗೆ ಹೋದರು. ಅಲ್ಲಿನ ಕ್ಯಾನ್ಸರ್ ಡಾಕ್ಟರ್ ಶೈಲಜಾ ಕೈ ಚಾಚಿದರು.

"ಹಳೇ ಫೈಲ್ ಕೊಡ್ರಿ."

ದುರುಗಮ್ಮ ನಾದಿನಿಯ ಮುಖ ನೋಡಿದಳು. ಹುಲಗೆಮ್ಮ ಗೋಡೆ ನೋಡಿದಳು.

"ಇಲ್ರಿ. ನೀರಿಗಿ ಬಿಟ್ಟೀವಿ" ಎಂದಳು ದುರುಗಮ್ಮ.

"ನೀರಿಗಿ?"

"ಸೋತ ಔಷಧ್ದ ಕಾಗದ ಯಾಕ ಬೇಕ್ರಿ?" ಹುಲಗೆಮ್ಮ ದನಿ ಏರಿಸಿದಳು. "ಸತ್ತ ಎತ್ತಿನ ಹಗ್ಗ ಯಾರರ ಮನ್ಯಾಗ ಇಟ್ಕೊಂತಾರೇನು?"

ಶೈಲಜಾ ಬೈಯಲಿಲ್ಲ. ಪೆನ್ನು ಕೆಳಗಿಟ್ಟರು. "ಯವ್ವಾ, ಈ ಔಷಧಕ್ಕ ಪಾಳಿ ಅದ. ಮೊದಲಿನ ಪಾಳಿಗಿ ಎರಡು ಔಷಧ ಅದಾವ, ಎರಡರಾಗ ಒಂದು ಕೊಟ್ಟಿರ್ತಾರ. ಅದು ಸೋತರ ಇನ್ನೊಂದು. ಅದೂ ಸೋತ ಮ್ಯಾಲ ಗುಳಿಗಿ. ಸೋತದ್ದನ್ನೇ ತಿರುಗಿ ಕೊಟ್ಟರ ಮೈಗೆ ತ್ರಾಸ, ಗಡ್ಡಿಗೆ ಏನೂ ಆಗಂಗಿಲ್ಲ. ಯಾವುದು ಕೊಟ್ಟಾರ ಅಂತ ತಿಳೀದೇ ನಾ ಹೆಂಗ ಮುಂದ ಹೋಗ್ಲಿ?"

ಅವರು ಆ ದೂರದ ಆಸ್ಪತ್ರೆಗೆ ಫೋನು ಹಚ್ಚಿದರು. ಹುಲಗಪ್ಪನನ್ನು ನೋಡಿದ್ದ ಡಾಕ್ಟರು ಈಗ ಅಲ್ಲಿಲ್ಲ. ಕಾಗದ ತೆಗೆಸಲು ಎಂಟು ದಿನ ಬೇಕಂತೆ.

"ಎಂಟು ದಿನ ತಡೀತೀವ್ರಿ" ಎಂದ ಹುಲಗಪ್ಪ.

"ನೀ ತಡೀತಿ. ನಿನ್ನ ಲಿವರ್ ತಡೀಬೇಕಲ್ಲ?" ಶೈಲಜಾ ರಕ್ತದ ರಿಪೋರ್ಟ್ ತೋರಿಸಿದರು. "ಇವತ್ತು ನೆಟ್ಟಗದ. ಕಾಮಾಲಿ ಏರಿತಂದ್ರ ಮುಂದಿನ ಔಷಧ ಕೊಡಾಕ ಬರಂಗಿಲ್ಲ. ಮಾಡಿದ್ರ ಇವತ್ತು, ನಾಳಿ."

ದುರುಗಮ್ಮ ಓದಿದ್ದು ಎರಡನೆ ಇಯತ್ತೆ. ಔಷಧಿಯ ಹೆಸರು ಅವಳ ನಾಲಿಗೆಗೆ ಒಂದು ದಿನವೂ ಹತ್ತಿರಲಿಲ್ಲ. ಆದರೆ ಆ ಎಂಟು ಸಲವೂ ಗಂಡನ ಮೈ ತೊಳೆದವಳು ಅವಳೇ.

ಎದ್ದು ನಿಂತಳು.

"ಕಾಗದ ಇಲ್ರಿ. ನಾ ಅದೀನಲ್ಲ. ನನ್ನ ಕೇಳ್ರಿ."

ಶೈಲಜಾ ತಲೆ ಎತ್ತಿದರು. "ಹೇಳು."

"ಬಾಟ್ಲಿ ಏರಿಸಿದ ದಿನ ಮನಿಗಿ ಬಂದು ಇವ್ನು ನೀರಿನ ಕೊಡಕ್ಕ ಕೈ ಹಾಕಿದ. ಕರೆಂಟ್ ಹೊಡ್ದಂಗ ಚೀರಿದ. ಮೇ ತಿಂಗಳ್ರಿ! ಊರೆಲ್ಲ ಬೆಂಕಿ ಬೆಂಕಿ ಅನ್ನಾಕತ್ತಿತ್ತು, ಇವ್ನು ಕಾಸಿದ ನೀರು ಕುಡದ. ತಣ್ಣೀರು ಗಂಟಲಾಗ ಇಳಿದ್ರ ಉಸಿರು ಕಟ್ಟತಿತ್ತು."

ಶೈಲಜಾ ಪೆನ್ನು ಎತ್ತಿಕೊಂಡರು. "ಮತ್ತ?"

"ಮೂರು ವಾರಕ್ಕೊಮ್ಮೆ ಬಾಟ್ಲಿ. ಆ ಮ್ಯಾಲ ಹದಿನಾಕು ದಿನ ಗುಳಿಗಿ, ಮುಂಜಾನಿ ಸಂಜಿ ಉಂಡ ಮ್ಯಾಲ. ಏಳು ದಿನ ರಜಾ. ಅಂಗೈ ಅಂಗಾಲು ಕರ್ರಗಾಗಿ ಸುಲೀತಿದ್ವು. ನಾನೇ ಕೊಬ್ಬರಿ ಎಣ್ಣಿ ಹಚ್ಚೀನಿ."

"ಕೂದಲು ಉದುರಿದ್ವೇನು?"

"ಇಲ್ರಿ. ಮೀಸಿ ಹಂಗೇ ಇತ್ತು. ದಿನಾ ಕನ್ನಡಿ ಮುಂದ ತಿರುವುತಿದ್ದ."

"ತಿರುವ್ದೇ ಬಿಡ್ತೀನೇನು?" ಎಂದ ಹುಲಗಪ್ಪ. ಶೈಲಜಾ ನಕ್ಕರು.

"ಭೇದಿ?"

"ಹಂಗೇನೂ ಆಗಿಲ್ರಿ."

"ಕಣ್ಣು ಮುಚ್ಚು ಹುಲಗಪ್ಪ." ಅವರು ಅವನ ಬೆರಳಿನ ತುದಿಗೆ ಪೆನ್ನಿನ ಮುಚ್ಚಳ ಇಟ್ಟರು. ಆಮೇಲೆ ಕೀಲಿಕೈ. ಯಾವುದು ಯಾವುದೆಂದು ಅವನಿಗೆ ತಿಳಿಯಲಿಲ್ಲ.

"ಅಂಗಿ ಗುಂಡಿ ಯಾರು ಹಾಕಿದ್ರು?"

"ನಾನೇರಿ" ಎಂದಳು ದುರುಗಮ್ಮ. "ವರ್ಷ ಆಗಾಕ ಬಂತು, ದಿನಾ ನಾನೇ."

ಶೈಲಜಾ ಸರಸರ ಬರೆದರು. ಅವಳಿಗೆ ಅಕ್ಷರ ತಿಳಿಯಲಿಲ್ಲ, ಕೈಯ ಜೋರು ತಿಳಿಯಿತು.

"ಆಕ್ಸಾಲಿಪ್ಲಾಟಿನ್!" ಶೈಲಜಾ ಮೇಜು ತಟ್ಟಿದರು. "ಥಂಡಿಗಿ ಹಿಂಗ ಚೀರಸೂದು, ಬೆರಳು ಜೋಮು ಹಿಡಿಸೂದು ಅದು. ಈಗ ಇನ್ನೊಂದರ ಪಾಳಿ. ಇರಿನೋಟೆಕಾನ್. ಇದಕ್ಕ ಥಂಡಿ ಜಗಳ ಇಲ್ಲ. ಭೇದಿ ಆಗತದ, ಕೂದಲ ಹೋಗತಾವ. ಪೂರಾ ವಾಸಿ ಆಗತದ ಅಂತ ನಾ ಹೇಳಂಗಿಲ್ಲ. ಹಿಡದು ನಿಲ್ಲಸಬಹುದು."

"ಇವತ್ತೇ ಏನ್ರಿ?"

"ಇವತ್ತೇ. ನಡೀ."

ದುರುಗಮ್ಮ ಅಲ್ಲೇ ಸೆರಗು ಬಾಯಿಗೆ ಒತ್ತಿಕೊಂಡಳು. ಅಳು ಬಂತೋ ನಗು ಬಂತೋ ಅವಳಿಗೇ ಗೊತ್ತಾಗಲಿಲ್ಲ. ಮಧ್ಯಾಹ್ನ ಎರಡಕ್ಕೆ ಬಾಟಲಿ ಏರಿತು. ಹುಲಗೆಮ್ಮ ಹೊಸ ಫೈಲನ್ನು ಕಂಕುಳಲ್ಲಿ ಇರುಕಿಕೊಂಡು ಕುಳಿತಳು. ನರ್ಸ್ ಕೇಳಿದರೂ ಬಿಡಲಿಲ್ಲ.

"ಕೊಡು ಬೇ ಅಕ್ಕಾ, ಅವ್ರು ಬರೀಬೇಕು" ಎಂದ ಹುಲಗಪ್ಪ.

"ಇಲ್ಲೇ ಬರೀಲಿ. ನಾ ಹಿಡದಿರ್ತೀನಿ."

ಎಂಟು ದಿನಕ್ಕೆ ಆ ಆಸ್ಪತ್ರೆಯಿಂದ ಕಾಗದ ಬಂತು. ದುರುಗಮ್ಮ ಹೇಳಿದ್ದೇ ಅದರಲ್ಲಿತ್ತು. ಆ ಹೊತ್ತಿಗೆ ಹುಲಗಪ್ಪನ ಕಣ್ಣು ಹಳದಿಯಾಗಿರಲಿಲ್ಲ.

ಭೇದಿಯಾಯಿತು. ಮಜ್ಜಿಗೆ, ಗಂಜಿ, ಶೈಲಜಾ ಕೊಟ್ಟ ಗುಳಿಗೆಯಿಂದ ತಡೆದರು. ಮೀಸೆ ಹೋಯಿತು. ಯುಗಾದಿ ದಾಟಿ ಸ್ಕ್ಯಾನ್ ಮಾಡಿಸಿದರೆ ಗಡ್ಡೆ ಕುಗ್ಗಿತ್ತು.

ಮಳೆಗಾಲದಲ್ಲಿ ಆ ಔಷಧಿಯೂ ಸೋತಿತು. ಗುಳಿಗೆಯ ಪಾಳಿ ಬಂತು, ಅದು ಎರಡು ತಿಂಗಳೂ ನಿಲ್ಲಲಿಲ್ಲ. ದೀಪಾವಳಿಗೆ ನಾಲ್ಕು ದಿನ ಇರುವಾಗ ಹುಲಗಪ್ಪ ಹೋದ. ಐವತ್ತೊಂದು ವರ್ಷ. ಸೋಡಾ ಬಂಡಿ ಈಗ ದುರುಗಮ್ಮನದು.

ಆದರೆ ಗಡ್ಡೆ ಕುಗ್ಗಿದ್ದ ಆ ಏಪ್ರಿಲ್ಲಿನಲ್ಲಿ ಒಂದು ದಿನ ಅವನು ಸೋಡಾ ಬಂಡಿ ಹೊರಗೆ ಎಳೆಸಿದ. ಅವನ ಅಂಗಿಯ ಗುಂಡಿಗಳಲ್ಲಿ ಎರಡನ್ನು ಅವನೇ ಹಾಕಿಕೊಂಡಿದ್ದ, ಒಂದು ಸೊಟ್ಟಗೆ. ಬಿಸಿಲು ಕುದಿಯುತ್ತಿತ್ತು. ಡಬ್ಬಿಯಲ್ಲಿ ಹೊಸ ಐಸು.

"ಬ್ಯಾಡ" ಎಂದಳು ದುರುಗಮ್ಮ. "ನಾ ತೆಗೀತೀನಿ."

ಅವನು ಕೇಳಲಿಲ್ಲ. ಕೈ ಹಾಕಿದ. ಅವಳು ಅವನ ಮುಖವನ್ನೇ ನೋಡಿದಳು. ಚೀರಲಿಲ್ಲ. ಕೈ ಹೊರಗೆ ಎಳೆಯಲಿಲ್ಲ. ಮೀಸೆ ಇಲ್ಲದ ಮುಖ ಅಗಲವಾಯಿತು.

"ತಣ್ಣಗದಲೇ ದುರುಗೀ!"

ಬಾಟಲಿ ಎತ್ತಿ ಹೆಬ್ಬೆರಳು ಇಟ್ಟ. ಮೊದಲ ಸಲ ಜಾರಿತು. ಕಟ್ಟಿಗೆಯ ತುಂಡು ಕೊಡಲು ಅವಳು ಕೈ ಮುಂದೆ ಮಾಡಿದಳು, ಅವನು ಅದನ್ನು ಮೊಣಕೈಯಿಂದ ಸರಿಸಿದ. ಎರಡನೆಯ ಸಲ ಹಲ್ಲು ಕಚ್ಚಿ ಒತ್ತಿದ.

ಕೀಂಯ್!

ನಿಂತಿದ್ದ ಮಾನ್ವಿ ಬಸ್ಸಿನ ಕಿಟಕಿಯಿಂದ ಒಂದು ಕೈ ಹೊರಗೆ ಬಂತು. ಆಮೇಲೆ ಮತ್ತೊಂದು.

"ಏ, ನಿಮಗಲ್ಲ, ತಡೀರಿ" ಎಂದು ಕೂಗಿದ ಹುಲಗಪ್ಪ. ನೊರೆ ಸುರಿಯುತ್ತಿದ್ದ ಬಾಟಲಿಯನ್ನು ಹೆಂಡತಿಯ ಕೈಗೆ ಕೊಟ್ಟ.