ಅಮಾಸೆಯ ಕಾಯಿಲೆ

ನನ್ನ ಅಣ್ಣನ ಕಾಯಿಲೆಗೆ ನಾವು ಹನ್ನೆರಡು ವರ್ಷ ಮದ್ದು ಮಾಡಿದೆವು. ಆ ಕಾಯಿಲೆ ನಾವೇ ಎಂದು ಒಂದು ಮಧ್ಯಾಹ್ನ ಗೊತ್ತಾಯಿತು. ಆಗ ನಾನು ಯಾರದ್ದೋ ರವಿಕೆಗೆ ಹುಕ್ಕು ಹೊಲಿಯುತ್ತಿದ್ದೆ. ಸೂಜಿ ಬೆರಳಿಗೆ ಹೊಕ್ಕು ರವಿಕೆಯ ಮೇಲೆ ರಕ್ತದ ಕಲೆಯಾದದ್ದು ನನಗೆ ಕಂಡದ್ದು ಸಂಜೆಗೆ. ಆ ಗಿರಾಕಿಗೆ ಹೊಸ ಬಟ್ಟೆ ತಂದು ಮತ್ತೆ ಹೊಲಿದುಕೊಟ್ಟೆ.

ನಮ್ಮದು ಕೋಡಿಯ ಮೀನುಗಾರರ ಮನೆ. ಅಕ್ಕ ದೊಡ್ಡವಳು, ಆಮೇಲೆ ಅಣ್ಣ, ನಾನು, ತಮ್ಮ. ಅಣ್ಣನಿಗೆ ಹುಟ್ಟಿನಿಂದಲೇ ಕೈಕಾಲು ಸ್ವಾಧೀನವಿರಲಿಲ್ಲ, ಮಾತೂ ಬರಲಿಲ್ಲ. ಗಂಟಲಿನಿಂದ ಒಂದು ಸ್ವರ ಬರುತ್ತಿತ್ತು, ಆಗಾಗ ಕಣ್ಣುಗುಡ್ಡೆ ಮೇಲಕ್ಕೆ ಹೋಗುತ್ತಿತ್ತು, ಅಷ್ಟೇ. ಅಮ್ಮ ಮೀನು ಮಾರಿ ಬಂದು ಅವನಿಗೆ ಉಣ್ಣಿಸಿ, ಮೀಯಿಸಿ, ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಿದ್ದಳು. ಅವನಿಗೆ ಎಲ್ಲ ಗೊತ್ತಾಗುತ್ತದೆ ಎಂದು ಅವಳು ಹೇಳುತ್ತಿದ್ದಳು. ಹೆತ್ತವಳು ಇನ್ನೇನು ಹೇಳಿಯಾಳು ಎಂದು ನಾವು ನಗುತ್ತಿದ್ದೆವು.

ತೊಂಬತ್ತೇಳರ ಮಳೆಗಾಲದಲ್ಲಿ ಅಮ್ಮ ತೀರಿಕೊಂಡಳು. ಆಗ ಅಕ್ಕ ಬೈಂದೂರಿನಲ್ಲಿ, ಭಾವನ ಜೊತೆ ಸಣ್ಣ ಚಾ ಹೋಟ್ಲು ನಡೆಸುತ್ತಿದ್ದಳು. ನಾನು ಬ್ರಹ್ಮಾವರದಲ್ಲಿ ಟೈಲರ್, ಮನೆಯ ಮುಂದಿನ ಕೋಣೆಯೇ ಅಂಗಡಿ. ತಮ್ಮ ಕೋಡಿಯ ಮನೆಯಲ್ಲೇ ಇದ್ದು ಬಾಡಿಗೆಗೆ ಓಮ್ನಿ ಓಡಿಸುತ್ತಿದ್ದ. ಅಣ್ಣನನ್ನು ಯಾರು ನೋಡಿಕೊಳ್ಳುವುದು? ಬಿಟ್ಟುಬಿಡುವ ಜನ ನಾವಲ್ಲ. ಮೂವರೂ ಒಂದೊಂದು ತಿಂಗಳ ಪಾಳಿ ಮಾಡಿಕೊಂಡೆವು. ಆದರೆ ಮೂವತ್ತೊಂದು ದಿನದ ತಿಂಗಳು ಯಾರಿಗೆ, ಫೆಬ್ರುವರಿ ಯಾರಿಗೆ ಎಂದು ಅಲ್ಲೇ ಚರ್ಚೆ ಶುರುವಾಯಿತು. ಹೇಳಲು ನಾಚಿಕೆಯಾಗುತ್ತದೆ, ಆ ಮಾತು ತೆಗೆದವಳು ನಾನೇ. ಭಾವ ತೀರ್ಪು ಕೊಟ್ಟರು: ಅಮಾಸೆಯಿಂದ ಅಮಾಸೆಗೆ ಪಾಳಿ, ಎಲ್ಲರಿಗೂ ಸಮ. ಅಮಾಸೆ ದಿನ ಮನೆಯಿಂದ ಹೊರಡಿಸುವುದು ಬೇಡ, ಮರುದಿನ ತಮ್ಮ ಓಮ್ನಿಯಲ್ಲಿ ಕರೆದೊಯ್ಯುವುದು. ಇದೆಲ್ಲ ನಿರ್ಧಾರವಾಗುವಾಗ ಅಣ್ಣ ಅಲ್ಲೇ ಗೋಡೆಗೆ ಒರಗಿ ಕುಳಿತಿದ್ದ.

ಊರವರು ನಮ್ಮನ್ನು ಹೊಗಳಿದರು. ಒಡಹುಟ್ಟಿದವರೆಂದರೆ ಹೀಗಿರಬೇಕು ಎಂದು ನನ್ನ ಅಂಗಡಿಗೆ ಬಂದ ಹೆಂಗಸರು ಹೇಳುವಾಗ ನಾನು ಮಿಷನ್ನಿನ ಪೆಡಲು ಇನ್ನೂ ಜೋರಾಗಿ ತುಳಿಯುತ್ತಿದ್ದೆ. ಮೂರು ಮನೆಗಳಲ್ಲಿ ನನ್ನ ಮನೆಯಲ್ಲೇ ಅವನು ಅತ್ಯಂತ ಚೊಕ್ಕವಾಗಿದ್ದ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ದಿನಕ್ಕೆರಡು ಸಲ ಮೈ ಒರೆಸುವುದು, ಪೌಡರು ಹಾಕುವುದು, ಒಳಕೋಣೆಯಲ್ಲಿ ಫ್ಯಾನಿನ ಕೆಳಗೆ ಮಂಚ. ಅಕ್ಕನೋ, ಅವನನ್ನು ಹೋಟ್ಲಿನ ಬೆಂಚಿನ ಮೇಲೆ, ಹೊಗೆ ನೊಣಗಳ ನಡುವೆ ಕೂರಿಸಿಬಿಡುತ್ತಿದ್ದಳು. ಬೀಳದಂತೆ ಸೊಂಟಕ್ಕೆ ಬೈರಾಸಿನ ಬಟ್ಟೆ ಸುತ್ತಿ ಕಂಬಕ್ಕೆ ಕಟ್ಟುತ್ತಿದ್ದಳು. ಅವಳ ಪಾಳಿ ಮುಗಿಸಿ, ತಮ್ಮನ ಮನೆ ದಾಟಿ ನನ್ನಲ್ಲಿಗೆ ಬಂದಾಗಲೂ ಅವನ ಅಂಗಿಯ ತುಂಬ ಚಾದ ಕಲೆ. ಅದನ್ನು ಒಗೆಯುತ್ತಾ ನಾನು ಅಕ್ಕನಿಗೆ ಕೇಳುವಷ್ಟು ಗಟ್ಟಿಯಾಗಿ ಗೊಣಗುತ್ತಿದ್ದೆ. ಅವಳು ಬೈಂದೂರಿನಲ್ಲಿದ್ದಳು, ಅದು ಬೇರೆ ಮಾತು.

ಮೊದಲ ವರ್ಷದಲ್ಲೇ ಒಂದು ತೊಂದರೆ ಕಾಣಿಸಿಕೊಂಡಿತು. ಅಮಾಸೆ ಹತ್ತಿರ ಬಂದರೆ ಅಣ್ಣ ಊಟ ಬಿಡುತ್ತಿದ್ದ. ಬಾಯಿಗೆ ಹಾಕಿದ ಗಂಜಿ ಉಗುಳುತ್ತಿದ್ದ, ಕೈ ಸೆಟೆಯುತ್ತಿತ್ತು, ಅಮಾಸೆ ದಿನವಿಡೀ ಗಂಟಲಿನಿಂದ ಆ ಸ್ವರ. ಮೂರೂ ಮನೆಗಳಲ್ಲಿ ಒಂದೇ ಕತೆ. ಅಮಾಸೆಗೆ ಇಂಥವರಿಗೆ ಹೆಚ್ಚಾಗುತ್ತದೆ ಎಂದು ಎಲ್ಲರೂ ಹೇಳಿದರು, ನಾವೂ ನಂಬಿದೆವು. ತೋಳಿಗೆ ದಾರ ಕಟ್ಟಿಸಿದೆವು. ಕೊಲ್ಲೂರಿಗೆ ಹರಕೆ ಹೊತ್ತು ಅವನನ್ನು ಓಮ್ನಿಯಲ್ಲಿ ಮಲಗಿಸಿಕೊಂಡು ಹೋಗಿಬಂದೆವು. ಕೊನೆಗೆ ಡಾಕ್ಟರಲ್ಲಿ ಅಮಾಸೆಯ ಸಂಗತಿ ಹೇಳಿ ನಿದ್ದೆಗೆ ಮಾತ್ರೆ ಬರೆಸಿಕೊಂಡೆವು. ತಿಂಗಳಿಗೆ ಮೂರು ದಿನ ಮಾತ್ರೆ. ಅದನ್ನು ಪುಡಿ ಮಾಡಿ ಬಾಳೆಹಣ್ಣಿನಲ್ಲಿ ಅಡಗಿಸಿ ತಿನ್ನಿಸುವುದರಲ್ಲಿ ನನ್ನ ಕೈ ಪಳಗಿತ್ತು.

ಹನ್ನೆರಡು ವರ್ಷ ಹೀಗೇ ಹೋಯಿತು. ಒಂದು ದಿನ ಪಂಚಾಯಿತಿಯಿಂದ ಒಬ್ಬ ಹೆಂಗಸು ಬಂದರು. ಅಂಗವಿಕಲರ ಮನೆಗಳಿಗೆ ಹೋಗಿ ವಿಚಾರಿಸುವ ಕೆಲಸ ಅವರದ್ದು. ಅವರಿಗೂ ಒಂದು ಕಾಲು ಪೋಲಿಯೋದಿಂದ ಸಣ್ಣದಾಗಿತ್ತು, ಕೋಲು ಊರಿಕೊಂಡು ಮೆಟ್ಟಿಲು ಹತ್ತಿದರು. ಪಿಂಚಣಿ ಕಾಗದದ ಕೆಲಸವೇನೋ ಎಂದುಕೊಂಡು ನಾನು ಹೊಲಿಗೆ ಬಿಡದೆ ಮಾತಾಡಿದೆ. ಅವರು ನನ್ನನ್ನು ಬಿಟ್ಟು ನೇರ ಅಣ್ಣನ ಮಂಚದ ಬದಿಗೆ ಹೋಗಿ, ತಾನು ಯಾರು, ಎಲ್ಲಿಂದ ಬಂದದ್ದು ಎಂದು ಅವನಿಗೆ ಹೇಳಿದರು. ಕಂಬದ ಜೊತೆ ಮಾತಾಡುತ್ತಿದ್ದಾರಲ್ಲ ಎಂದು ನನಗೆ ನಗು ಬಂತು. ಆಮೇಲೆ ನನ್ನ ಹತ್ತಿರ ಬಂದು ಕುಳಿತು ಬರೆದುಕೊಳ್ಳತೊಡಗಿದರು.

"ಅವ್ರಿಗೆ ಎಂತ ಕಂಡ್ರೆ ಖುಷಿ ಅಕ್ಕ?"

"ಅವ್ನಿಗೆಂತ ಖುಷಿ, ಪಾಪ. ಅಮಾಸಿ ಒಂದ್ ಬಪ್ಪುದ್ ಬ್ಯಾಡ, ಅಷ್ಟೇ," ಎಂದೆ. ಊಟ ಬಿಡುವುದು, ಆ ಸ್ವರ, ಮಾತ್ರೆ ಎಲ್ಲ ಹೇಳಿಕೊಂಡೆ.

"ಅಮಾಸಿ ದಿನ ಮನೇಲಿ ಬ್ಯಾರೆ ಎಂತ ಆತ್ತ್?"

"ಬ್ಯಾರೆ ಎಂತ ಇಲ್ಲೆ. ಅವನ್ ಬಟ್ಟೆ ಎಲ್ಲ ಮಡ್ಸಿ ಕಟ್ಟುದ್. ಅಕ್ಕನಿಗ್ ಫೋನ್ ಮಾಡುದ್. ಮರ್ದಿನ ಕಳ್ಸುದ್ ಅಲ್ದಾ."

"ತಿಂಗ್ಳ್ ತಿಂಗ್ಳೂ?"

"ಹ್ಞೂ, ತಿಂಗ್ಳ್ ತಿಂಗ್ಳೂ, ಒಂದ್ ಮನೆಯಿಂದ ಇನ್ನೊಂದಕ್ಕೆ."

ಅವರ ಪೆನ್ನು ನಿಂತಿತು. ನನ್ನ ಮಾತು ನನಗೇ ಕೇಳಿಸಿತ್ತು. ಸೂಜಿ ಚುಚ್ಚಿದ್ದು ಆಗಲೇ ಇರಬೇಕು. ನೂರನಲವತ್ತಕ್ಕೂ ಹೆಚ್ಚು ಸಲ ಅವನನ್ನು ಎತ್ತಿ ಓಮ್ನಿಗೆ ಹಾಕಿದ್ದೆವು. ನೂರನಲವತ್ತು ಸಲವೂ ಅವನು ಎರಡು ದಿನ ಮೊದಲೇ ಬೇಡ ಎಂದಿದ್ದ, ನಾವು ಆಕಾಶ ನೋಡಿ ಚಂದ್ರನನ್ನು ಬಯ್ದಿದ್ದೆವು.

"ಇದೊಂದ್ ಅಮಾಸಿಗೆ ಬಟ್ಟೆ ಕಟ್ಬೇಡಿ, ಕಳ್ಸ್ಬೇಡಿ, ಕಾಣಿ," ಎಂದು ಹೇಳಿ ಅವರು ಹೋದರು.

ಅಕ್ಕನಿಗೆ ಫೋನ್ ಮಾಡಿ ಈ ತಿಂಗಳು ಕಳಿಸುವುದಿಲ್ಲ ಎಂದೆ. "ಎಂತಕ್ಕೆ? ನಾ ಸಮ ನೋಡ್ಕಂತಿಲ್ಲೆ ಅಂದೇಳಿಯಾ?" ಎಂದು ಅವಳು ಹರಿಹಾಯ್ದಳು. ಅಮಾಸೆ ಬಂತು. ಬೆಳಿಗ್ಗೆ ಅಣ್ಣ ಗಂಜಿ ಉಗುಳಿದ. ನಾನು ಎಂದಿನಂತೆ ಬಟ್ಟೆ ಕತ್ತರಿಸುತ್ತಾ ಕುಳಿತೆ, ಯಾವ ತಯಾರಿಯೂ ಮಾಡಲಿಲ್ಲ. ಅವನ ಕಣ್ಣು ಬಾಗಿಲಾಚೆಯಿಂದ ನನ್ನ ಕೈಯನ್ನೇ ಹಿಂಬಾಲಿಸುತ್ತಿತ್ತು. ಮಧ್ಯಾಹ್ನ ಸ್ವರ ಕಡಿಮೆಯಾಯಿತು. ಸಂಜೆ ಒಂದು ಬಟ್ಟಲು ಗಂಜಿ ಪೂರ್ತಿ ಉಂಡು, ಮಾತ್ರೆಯಿಲ್ಲದೆ ನಿದ್ದೆ ಹೋದ. ನಾನು ಅಡುಗೆಮನೆಗೆ ಹೋಗಿ ಮಾತ್ರೆಯ ಡಬ್ಬಿ ಹಿಡಿದುಕೊಂಡು ನೆಲದ ಮೇಲೆ ಕುಳಿತೆ.

ಇನ್ನು ಅವನು ಒಂದೇ ಮನೆಯಲ್ಲಿರಬೇಕು, ಅದಂತೂ ಸ್ಪಷ್ಟವಾಯಿತು. ಯಾವ ಮನೆಯಲ್ಲಿ? ಅದನ್ನು ಅಣ್ಣನನ್ನೇ ಕೇಳಬೇಕು ಎಂದರು ಮತ್ತೆ ಬಂದ ಪಂಚಾಯಿತಿಯ ಹೆಂಗಸು. ಅಣ್ಣ ಕೂರುವ ಜಾಗದ ಒಂದೊಂದು ಫೋಟೋ ಮೂರೂ ಮನೆಯಿಂದ ತರಲು ಹೇಳಿದರು. ನನಗೆ ಒಳಗೊಳಗೇ ಖುಷಿ. ಅವನು ನನ್ನನ್ನಲ್ಲದೆ ಇನ್ನಾರನ್ನು ಬಯಸುತ್ತಾನೆ? ಫೋಟೋ ತೆಗೆಸುವ ದಿನ ಮಂಚಕ್ಕೆ ಹೊಸ ಹಾಸು ಹಾಕಿದೆ. ಹೂವಿನ ಹಾಸು.

ಭಾನುವಾರ ಎಲ್ಲರೂ ನಮ್ಮಲ್ಲಿ ಸೇರಿದರು. ತಮ್ಮನ ಫೋಟೋದಲ್ಲಿ ಕೋಡಿ ಮನೆಯ ಜಗಲಿ. ಅಕ್ಕನದರಲ್ಲಿ ಹೋಟ್ಲಿನ ಎಣ್ಣೆಜಿಡ್ಡಿನ ಬೆಂಚು, ಒರೆಸಿಯೂ ಇರಲಿಲ್ಲ ಅವಳು. ಆ ಹೆಂಗಸು ಮೂರನ್ನೂ ಅಣ್ಣನ ಮುಂದೆ ದೂರ ದೂರ ಇಟ್ಟು, "ಅಣ್ಣ, ನಿಮ್ಗ್ ಎಲ್ಲಿಪ್ಪುಕ್ ಇಷ್ಟ? ಅದನ್ನ್ ಕಾಣಿ," ಎಂದರು. ಅವನು ಬೆಂಚನ್ನು ನೋಡಿದ. ಜಾಗ ಅದಲು ಬದಲು ಮಾಡಿ ಮತ್ತೆ ಕೇಳಿದರು. ಬೆಂಚು. ಮೂರನೇ ಸಲ ಕೇಳುವಾಗ ಅವನು ಬೆಂಚನ್ನು ನೋಡಿ ನಕ್ಕ.

ನನ್ನ ಮುಖಕ್ಕೆ ಯಾರೋ ನೀರು ಎರಚಿದ ಹಾಗಾಯಿತು. "ಅವ್ನಿಗೆ ಫೋಟೋ ಕಂಡ್ರೆ ಎಂತ ಗೊತ್ತಾತ್ತ್? ಬುದ್ಧಿ ಇದ್ರಲ್ದಾ," ಎಂದುಬಿಟ್ಟೆ. ಅವನ ನಗು ನಿಂತಿತು. ಅವನು ನನ್ನನ್ನೇ ನೋಡಿದ. ನಾನು ತಲೆ ತಗ್ಗಿಸಿದೆ.

ಅಕ್ಕನೂ ಬೆಚ್ಚಿದ್ದಳು. "ನಾ ದಿನಾ ಅವ್ನಿಗ್ ಬಯ್ತೆ ಮಾರಾಯ್ತಿ. ಚಾ ಚೆಲ್ರೆ ಬಯ್ತೆ, ಗಿರಾಕಿ ಎದ್ರೇ ಬಯ್ತೆ."

"ಹೋಟ್ಲಲ್ಲಿ ಅವ್ರ್ ಇಡೀ ದಿನ ಎಂತ ಮಾಡ್ತ್ರ್?" ಎಂದು ಆ ಹೆಂಗಸು ಕೇಳಿದರು.

ಭಾವ ಬಾಯಿ ತೆರೆದರು. "ನಮ್ ಯಾಪಾರ ಹಾಳ್ ಮಾಡ್ತ. ಬಂದವ್ರೆಲ್ಲ ಇವ್ನ್ ಹತ್ರವೇ ಕೇಂಬುದ್, ಹ್ವಾಯ್, ಇವತ್ತ್ ಬನ್ಸ್ ಲಾಯ್ಕ್ ಇತ್ತಾ ಅಂದೇಳಿ. ಲಾಯ್ಕ್ ಇದ್ರೆ ಕಣ್ ಮೇಲ್ ಮಾಡ್ತ. ಇಲ್ದಿದ್ರೆ ಬಾಯ್ ಮುಚ್ಚಿ ಮುಖ ತಿರ್ಗ್ಸ್ತ. ಇವ ಮುಖ ತಿರ್ಗ್ಸ್ದ ದಿನ ಒಂದ್ ಬನ್ಸೂ ಹೋತಿಲ್ಲೆ."

ತಮ್ಮ ನಕ್ಕ. ನನಗೆ ನಗು ಬರಲಿಲ್ಲ. ಕಣ್ಣು ಮೇಲೆ ಹೋಗುವುದು ಕಾಯಿಲೆ ಎಂದು ನಾನು ಐವತ್ತು ಸಲ ಡಾಕ್ಟರಿಗೆ ಹೇಳಿದ್ದೆ. ಅದು ಅವನ ಹೌದು. ದಾರಿಹೋಕರಿಗೆ, ಲಾರಿ ಡ್ರೈವರುಗಳಿಗೆ ಗೊತ್ತಿದ್ದ ಮಾತು ತಂಗಿಗೆ ಗೊತ್ತಿರಲಿಲ್ಲ. ಕುತ್ತಿಗೆ ಎಷ್ಟು ಆಳ, ತೋಳು ಎಲ್ಲಿಯವರೆಗೆ, ಹುಕ್ಕು ಮುಂದೋ ಹಿಂದೋ ಎಂದು ಊರಿನ ಹೆಂಗಸರನ್ನೆಲ್ಲ ದಿನವಿಡೀ ಕೇಳುವವಳು ನಾನು. ಅಣ್ಣನಿಗೆ ಹನ್ನೆರಡು ವರ್ಷ ಅಂಗಿ ಹೊಲಿದೆ, ಯಾವ ಬಣ್ಣ ಬೇಕು ಎಂದು ಒಂದು ಸಲವಾದರೂ ಕೇಳಿದವಳಲ್ಲ. ನನಗೆ ನನ್ನ ಮೇಲೆ ಹೇಸಿಗೆಯಾಯಿತು, ಅದನ್ನು ಮುಚ್ಚಿಡಲು ಎಲ್ಲರಿಗೂ ಚಾ ಮಾಡುವ ನೆಪದಲ್ಲಿ ಒಳಗೆ ಹೋದೆ.

ಅಣ್ಣ ಬೈಂದೂರಿಗೆ ಹೋದ. ಖರ್ಚಿಗೆ ನಾನೂ ತಮ್ಮನೂ ಕೈ ಜೋಡಿಸುವುದೆಂದಾಯಿತು. ಮುಂದಿನ ಅಮಾಸೆ ದಿನ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಅವನು ಹೇಗಿದ್ದಾನೋ ನೋಡಬೇಕೆನಿಸಿತು. ನಿಜ ಹೇಳುವುದಾದರೆ, ಅವನಿಗೆ ನನ್ನ ನೆನಪಾಗಿ ಊಟ ಬಿಟ್ಟಿರಬಹುದೆಂಬ ಒಂದು ಆಸೆಯೂ ಇತ್ತು. ಬೆಳಗಿನ ಬಸ್ಸು ಹತ್ತಿದೆ.

ಹೋಟ್ಲಿನಲ್ಲಿ ನಾಲ್ಕೈದು ಜನರಿದ್ದರು. ಅಣ್ಣ ಬೆಂಚಿನ ಮೇಲಿದ್ದ, ಯಾರದ್ದೋ ಮಾತಿಗೆ ನಗುತ್ತಿದ್ದ. ನಾನು ಒಳಗೆ ಕಾಲಿಟ್ಟೆ. ನನ್ನನ್ನು ಕಂಡದ್ದೇ ಅವನ ಮುಖ ಬಿಳಿಚಿತು. ಕೈ ಸೆಟೆದು ಮೇಜಿನ ಅಂಚಿಗೆ ಸಿಕ್ಕಿಕೊಂಡಿತು. ಆಮೇಲೆ ಆ ಸ್ವರ. ಅಕ್ಕ ತಂದಿಟ್ಟ ಚಾ ಮುಂದೆಯೇ ಇತ್ತು, ಅವನು ಬಾಯಿ ಬಿಗಿಹಿಡಿದ.

"ಅಣ್ಣ, ನಾ ಸುಮ್ನೆ ಬಂದದ್. ಕರ್ಕಂಡ್ ಹೋಪುಕ್ ಅಲ್ಲ," ಎಂದೆ. ಅವನು ಮುಖ ತಿರುಗಿಸಿದ. ಮತ್ತೆ ಹೇಳಿದೆ. ಮತ್ತೆ ಮುಖ ತಿರುಗಿಸಿದ. ಅವನಾದರೂ ಯಾಕೆ ನಂಬಬೇಕು? ಪ್ರತಿ ಸಲ ಓಮ್ನಿಗೆ ಹಾಕುವಾಗ ನಾನು ಹೇಳುತ್ತಿದ್ದದ್ದು, ಸುಮ್ಮನೆ ತಿರುಗಾಡಿ ಬರುವ ಅಂತಲೇ. ಹೋಟ್ಲಿನಲ್ಲಿದ್ದವರು ಮಾತು ನಿಲ್ಲಿಸಿ ನನ್ನನ್ನು ನೋಡುತ್ತಿದ್ದರು. ಒಬ್ಬ ಮುದುಕರು ಎದ್ದು ಬಂದು ಅಣ್ಣನ ಪಕ್ಕ, ನನಗೂ ಅವನಿಗೂ ನಡುವೆ ಕುಳಿತರು.

"ನೀ ಈಗ ಹೋಯ್ ಬಾ," ಎಂದಳು ಅಕ್ಕ, ಮೊದಲ ಸಲ ಬಯ್ಯದೆ.

ನಾನು ರಸ್ತೆ ದಾಟಿ ನಿಂತೆ. ಅವನಿಗೆ ಕಾಣುವಂತೆ ಕುಂದಾಪುರದ ಬಸ್ಸು ಹತ್ತಿದೆ. ಮರವಂತೆ ಸಿಗುವ ಮೊದಲೇ ಅಕ್ಕನ ಫೋನ್ ಬಂತು. "ಬಸ್ ಹೊರಟದ್ ಕಂಡ್ ಮೇಲೆ ಮೇಜ್ ಬಿಟ್ಟ. ಈಗ ಚಾ ಕುಡೀತಾ ಇದ್ದ." ನಾನು ಸೆರಗು ಬಾಯಿಗೆ ಒತ್ತಿ ಹಿಡಿದು ಅತ್ತೆ. ಹನ್ನೆರಡು ವರ್ಷದಲ್ಲಿ ನನ್ನ ಕಣ್ಣೆದುರು ಒಂದು ಅಮಾಸೆಯ ಬೆಳಿಗ್ಗೆಯೂ ಅವನು ನೆಮ್ಮದಿಯಿಂದ ಚಾ ಕುಡಿದಿರಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ನಾನು ಅಲ್ಲಿಂದ ಎದ್ದು ಬರುವುದಷ್ಟೇ.