ಎರಡು ಸಿಪಾರಸು

ನನ್ನ ಬಗ್ಗೆ ಬರೆದ, ಆದರೆ ನಾನು ಓದಕೂಡದ ಒಂದು ಪತ್ರ ಈ ಲೋಕದಲ್ಲಿದೆ. ಓದುವುದಿಲ್ಲ ಎಂದು ನಾನೇ ಒಪ್ಪಿಕೊಂಡು ಅರ್ಜಿಯ ಪುಟ್ಟ ಚೌಕದೊಳಗೆ ಟಿಕ್ ಹಾಕಿದ್ದೇನೆ. ಹಾಕಿದ್ದು ಫೆಬ್ರವರಿ ಹನ್ನೆರಡರ ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ. ಪಶ್ಚಾತ್ತಾಪ ಶುರುವಾದದ್ದು ಹತ್ತೂವರೆಗೆ. ಕರೆಂಟು ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು ಎಂಬುದನ್ನೂ ಡೈರಿಯಲ್ಲಿ ಬರೆದಿಡುವವಳು ನಾನು. ಅಂಥವಳಿಗೆ ತನ್ನ ಬಗ್ಗೆ ಇನ್ನೊಬ್ಬರು ಬರೆದದ್ದನ್ನು ನೋಡಬೇಡ ಎಂದರೆ, ಮನೆಗೆ ಬಂದ ಪೊಟ್ಟಣವನ್ನು ಬಿಚ್ಚಬೇಡ ಎಂದ ಹಾಗೆ.

ಪತ್ರ ಕೇಳಿದ್ದು ಒಂದು ವಿಶ್ವವಿದ್ಯಾಲಯ. ಸಂಖ್ಯಾಶಾಸ್ತ್ರದ ಎಂಎಸ್ಸಿಗೆ ಅಲ್ಲಿ ಸೀಟು ಸಿಗುವುದು ಬೆರಳೆಣಿಕೆಯ ಜನಕ್ಕೆ. ಸಿಗಬೇಕಾದರೆ ಏನು ಬೇಕು ಎಂದು ಅರ್ಜಿ ಹಾಕುವ ಮುಂಚೆ ಸಿಕ್ಕಸಿಕ್ಕವರನ್ನೆಲ್ಲ ಕೇಳಿ ಬರೆದುಕೊಂಡೆ. ಒಟ್ಟು ಮೂವತ್ತೊಂದು ಜನ. ಇಂಗ್ಲಿಷು ಬೇಕು ಎಂದವರು ಹದಿನಾಲ್ಕು, ಅದೃಷ್ಟ ಎಂದವರು ಎಂಟು, ಒಳಗೆ ಯಾರಾದರೂ ಗೊತ್ತಿರಬೇಕು ಎಂದವರು ಐದು, ನಿನಗೆ ಯಾಕೆ ಅದೆಲ್ಲ ಎಂದವರು ಮೂರು. ಉಳಿದ ಒಬ್ಬರು ಕೊತ್ತತ್ತಿಯಿಂದ ಮಂಡ್ಯಕ್ಕೆ ಹೋಗುವ ನಮ್ಮ ಬಸ್ಸಿನ ಕಂಡಕ್ಟರು. "ಏನ್ ಬೇಕು ಅಂದ್ರೆ? ಒಳಿಕ್ ನುಗ್ಬೇಕು ಕಣಮ್ಮ, ಬಾಗ್ಲಲ್ಲೇ ನಿಂತ್ಕಬಾರ್ದು," ಎಂದರು. ಅವರು ಹೇಳಿದ್ದು ಬಸ್ಸಿನ ಬಗ್ಗೆಯೋ ವಿಶ್ವವಿದ್ಯಾಲಯದ ಬಗ್ಗೆಯೋ ಎಂದು ಕೇಳುವಷ್ಟರಲ್ಲಿ ಹಿಂದಿನ ಸೀಟಿಗೆ ಹೋಗಿಯಾಗಿತ್ತು. ಆದ್ದರಿಂದ ಅದನ್ನು 'ಇತರೆ' ಎಂಬ ಕಾಲಮಿನಲ್ಲಿ ಹಾಕಿದೆ.

ಪ್ರವೇಶ ಪರೀಕ್ಷೆ ಹೇಗೋ ದಾಟಿತು. ಆಮೇಲೆ ಮೇಲ್ ಬಂತು: ಮೂರು ವಾರದೊಳಗೆ ಎರಡು ಶಿಫಾರಸು ಪತ್ರ. ಒಂದು ಪಾಠ ಹೇಳಿದವರಿಂದ, ಇನ್ನೊಂದು ಕಾಲೇಜಿನ ಹೊರಗೆ ನನ್ನ ಕೆಲಸ ಕಂಡವರಿಂದ. ಎರಡೂ ತಲುಪದಿದ್ದರೆ ಸಂದರ್ಶನಕ್ಕೆ ಕರೆ ಇಲ್ಲ.

ಅಲ್ಲಿಯವರೆಗೆ ಅಪ್ಪ ಈ ವಿಷಯದಲ್ಲಿ ಮೂಕಪ್ರೇಕ್ಷಕರು. ನಾನು ಲೆಕ್ಕ ಬಿಡಿಸುವಾಗ ಹತ್ತಿರ ಬಂದು ಕೂರುವರು, ಫ್ಯಾನು ಜೋರು ಮಾಡಲೇ ಎನ್ನುವರು, ಎದ್ದುಹೋಗುವರು. ಕಬ್ಬಿನ ಗದ್ದೆಯಲ್ಲಿ ಇಡೀ ಊರಿಗೆ ಸಲಹೆ ಕೊಡುವ ಮನುಷ್ಯನಿಗೆ ಮಗಳ ಅರ್ಜಿಯಲ್ಲಿ ಮಾಡಲು ಏನೂ ಇರಲಿಲ್ಲ. ಶಿಫಾರಸು ಎಂಬ ಮಾತು ಕಿವಿಗೆ ಬಿದ್ದದ್ದೇ ಅವರ ಮುಖ ಬೆಳಗಿತು.

"ಸಿಪಾರಸು ತಾನೆ? ಅದುನ್ನ ಮೊದ್ಲೇ ಏಳಬಾರ್ದಾ ಮಗಾ."

"ಅಂಥದ್ದಲ್ಲ ಅಪ್ಪ. ನನ್ನನ್ನ ಬಲ್ಲೋರು ಬರೀಬೇಕು."

"ನನ್ನ ಬಲ್ಲೋರು ನಿನ್ನ ಬಲ್ಲೋರಲ್ವಾ?"

ಅಪ್ಪ ಮಾರನೆಯ ದಿನವೇ ಮಳವಳ್ಳಿಗೆ ಹೊರಟರು. ಅಲ್ಲಿ ಅವರಿಗೆ ಗೊತ್ತಿರುವ ಒಬ್ಬ ಮುಖಂಡರಿದ್ದಾರೆ. ಮೊದಲ ಸಲ ಹೋದಾಗ ಮುಖಂಡರು ಮದ್ದೂರಿಗೆ ಮದುವೆಗೆ ಹೋಗಿದ್ದರು. ಎರಡನೇ ಸಲ ಮುಖಂಡರಿದ್ದರು, ಸೀಲು ಇರಲಿಲ್ಲ. ಮೂರನೇ ಸಲ ಎರಡೂ ಒಟ್ಟಿಗೆ ಸಿಕ್ಕವು. ದಪ್ಪ ಕಾಗದ, ಮೇಲೆ ಅವರದೇ ಫೋಟೋ, ಕೆಳಗೆ ನೇರಳೆ ಬಣ್ಣದ ಸೀಲು. ನಡುವೆ ಹೀಗಿತ್ತು: 'ಈ ಪತ್ರ ತರುವ ಕುಮಾರನು ನನಗೆ ಬಹಳ ವರ್ಷಗಳಿಂದ ಚಿರಪರಿಚಿತನಾಗಿದ್ದು, ಸದರಿಯವರಿಗೆ ಒಂದು ಸೀಟು ನೀಡಿ ಸಹಕರಿಸಬೇಕಾಗಿ ಕೋರಿದೆ.'

ಅಷ್ಟು ವರ್ಷಗಳಲ್ಲಿ ನಾನು ಹುಡುಗಿ ಎಂಬುದೊಂದು ಅವರ ಗಮನಕ್ಕೆ ಬಂದಿರಲಿಲ್ಲ. "ಸೀಲ್ ನೋಡು, ಎಂಗದೆ," ಎಂದರು ಅಪ್ಪ. ಚೆನ್ನಾಗಿದೆ ಎಂದೆ. ನಿಜಕ್ಕೂ ಚೆನ್ನಾಗಿತ್ತು.

ಇಲ್ಲೊಂದು ಪುಟ್ಟ ಅಡ್ಡದಾರಿ. ಅಪ್ಪನ 'ಸಿಪಾರಸ'ನ್ನು ತಿದ್ದೋಣ ಎಂದುಕೊಂಡು ಮಂಡ್ಯದ ಗ್ರಂಥಾಲಯದಲ್ಲಿ ನಿಘಂಟು ತೆಗೆದೆ. ನೋಡಿದರೆ ಆ ಪದ ಪಾರಸಿಯಿಂದ ಬಂದದ್ದು; ಅಲ್ಲಿ ಅದು 'ಸಿಫಾರಿಶ್'. ಮೊದಲಕ್ಷರ ಸಕಾರವೇ! ಶುದ್ಧವಾಗಿ ಮಾತಾಡುತ್ತೇವೆಂದು ಬೀಗುವ ನಾವೆಲ್ಲ ಸೇರಿ ಅದಕ್ಕೆ ಶಕಾರ ಅಂಟಿಸಿದ್ದೇವೆ, ನಮ್ಮಪ್ಪ ಮೂಲಕ್ಕೆ ನಿಷ್ಠರಾಗಿದ್ದಾರೆ. ಅಂದಿನಿಂದ ನಾನೂ ಸಿಪಾರಸು ಎಂದೇ ಬರೆಯುತ್ತಿದ್ದೇನೆ.

ಮೊದಲನೆಯ ಸಿಪಾರಸಿಗೆ ಭಾರತೀನಗರದಲ್ಲಿರುವ ನಮ್ಮ ಸಂಖ್ಯಾಶಾಸ್ತ್ರದ ಮೇಡಂ ಮನೆಗೆ ಹೋದೆ. ನಮ್ಮಲ್ಲಿ ನಡೆದುಬಂದ ಹಾಗೆ, "ನೀನೇ ಬರ್ಕೊಂಡು ಬಾರಮ್ಮ, ನೋಡ್ತೀನಿ," ಎಂದರು. ತನ್ನನ್ನು ತಾನೇ ಹೊಗಳಿಕೊಳ್ಳುವುದು ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ಒಮ್ಮೆ ಹಾಗೆ ಕೂತು ಬರೆಯಬೇಕು. ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. ಐದನೆಯ ಸಲ ಬರೆದದ್ದರಲ್ಲಿ ಮೂರು ಸಾಲುಗಳಿದ್ದವು: ಈಕೆ ಸರಿಯಾದ ಹೊತ್ತಿಗೆ ಬರುತ್ತಾಳೆ, ದಿನವೂ ಬರುತ್ತಾಳೆ, ತಪ್ಪು ಮಾಡುವುದು ಕಡಿಮೆ. ಮೇಡಂ ಓದಿ ಕನ್ನಡಕ ತೆಗೆದರು. "ಇದು ಗಡಿಯಾರಕ್ಕೆ ಕೊಡೋ ಸರ್ಟಿಫಿಕೇಟು ಕಣಮ್ಮ," ಎಂದು, ತಾವೇ ಕೂತು ಬರೆದು ಕಳಿಸಿದರು.

ಎರಡನೆಯದಕ್ಕೆ ಉಳಿದದ್ದು ಎಂಟು ದಿನ. ಬರೆಯುವವರಿಗಾಗಿ ಇದ್ದ ನಮೂನೆಯಲ್ಲಿ ಪ್ರಶ್ನೆಗಳಿದ್ದವು: ಈಕೆಯನ್ನು ಎಷ್ಟು ಕಾಲದಿಂದ ಬಲ್ಲಿರಿ, ಯಾವ ಕೆಲಸದಲ್ಲಿ ಕಂಡಿರಿ, ಕಣ್ಣಾರೆ ಕಂಡ ಒಂದು ಘಟನೆ ಹೇಳಿ. ನನ್ನನ್ನು ಬಲ್ಲವರ ಪಟ್ಟಿ ಮಾಡಿದೆ. ನೂರ ಹದಿನೆಂಟು ಹೆಸರು ಬಂದವು, ಮನಸ್ಸು ತುಂಬಿತು. ನೆಂಟರನ್ನು ಹೊಡೆದುಹಾಕಿದೆ, ಐವತ್ತೆರಡು ಉಳಿಯಿತು. ಕಾಲೇಜಿನವರನ್ನು ಬಿಟ್ಟೆ, ಮೂವತ್ತು. ಅದರಲ್ಲಿ ನಾನು ಕೆಲಸ ಮಾಡುವುದನ್ನು ಹತ್ತಿರದಿಂದ ಕಂಡವರು ಎಷ್ಟು ಎಂದು ನೋಡಿದರೆ ಒಬ್ಬರು: ನಮ್ಮೂರ ಹಾಲಿನ ಡೇರಿಯ ಕಾರ್ಯದರ್ಶಿ ನಿಂಗರಾಜಣ್ಣ. ನನ್ನನ್ನು ಮಾತಾಡಿಸುವವರು ನೂರಾರು, ಕಂಡವರು ಒಬ್ಬರು. ಈ ಇಳಿಕೆಯನ್ನು ಗ್ರಾಫ್ ಹಾಕಿ ನೋಡಿದರೆ ಯಾರಿಗಾದರೂ ವಿನಯ ಬರುತ್ತದೆ.

ಎರಡು ವರ್ಷದ ಹಿಂದೆ ಡೇರಿಯ ಲೆಕ್ಕ ಬರೆಯುವವರು ಕಾಲು ಮುರಿದುಕೊಂಡಾಗ, ಎರಡೂವರೆ ತಿಂಗಳು ನಾನೇ ಬೆಳಗ್ಗೆ ಹಾಲು ತೂಗಿ ಬರೆದಿದ್ದೆ. ನಾನು ಡೈರಿ ಬರೆಯುತ್ತೇನೆ ಎಂದರೆ ಊರಿನಲ್ಲಿ ಈಗಲೂ ಹಾಲಿನ ಲೆಕ್ಕ ಎಂದೇ ತಿಳಿಯುತ್ತಾರೆ.

ಅಪ್ಪನಿಗೆ ಹೇಳಿದೆ. ಮಳವಳ್ಳಿಯ ಕಾಗದವನ್ನು ಮಡಿಸದೆ ರಟ್ಟಿನ ನಡುವೆ ಇಟ್ಟಿದ್ದ ಅಪ್ಪ ಅದನ್ನು ಕೈಗೆತ್ತಿಕೊಂಡರು.

"ನಿಂಗ್ರಾಜನ ಸಿಪಾರಸಾ? ಅವ್ನ್ ಮಾತ ಊರ್ನೋರೇ ಕೇಳಕಿಲ್ಲ, ಅಲ್ಲೆಲ್ಲೋ ಕೂತೋರು ಕೇಳಾರಾ?"

"ಅವ್ರು ನನ್ನ ಕೆಲಸ ನೋಡಿದ್ದಾರಪ್ಪ."

"ಮತ್ತೆ ಇದು?"

ಅಪ್ಪ ರಟ್ಟನ್ನು ಬೀರುವಿನ ಮೇಲಿಟ್ಟರು. ಎರಡು ದಿನ ನಮ್ಮ ನಡುವೆ ನಡೆದ ಮಾತು ಒಟ್ಟು ಏಳು. ಅದರಲ್ಲಿ ಐದು ಊಟದ ವಿಷಯ.

ಕನ್ನಡದಲ್ಲಿ ಬರೆಯಬಹುದೇ ಎಂದು ವಿಶ್ವವಿದ್ಯಾಲಯವನ್ನು ಕೇಳಿದೆ. ಬರೆಯುವವರಿಗೆ ಯಾವ ಭಾಷೆ ಸಲೀಸೋ ಅದರಲ್ಲೇ ಬರೆಯಲಿ ಎಂದು ಉತ್ತರ ಬಂತು. ನಿಂಗರಾಜಣ್ಣ ಬೆಳಗಿನ ಹಾಲು ಮುಗಿಸಿ, ಬಾಗಿಲು ಅರ್ಧ ಎಳೆದುಕೊಂಡು, ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತ ಒಂದು ಗಂಟೆ ನಲವತ್ತು ನಿಮಿಷ ಬರೆದರು. ಹೊರಗೆ ಕ್ಯಾನುಗಳ ಪಕ್ಕ ಕೂತು ನಾನು ಕಾಲ ಅಳೆಯುತ್ತಿದ್ದೆ. ಈಚೆ ಬಂದಾಗ ಏನು ಬರೆದಿರಿ ಎಂದೆ.

"ನೀನು ಓದಾಂಗಿಲ್ಲ ಅಂತ ಅದ್ರಲ್ಲೇ ಅದೆ. ನೀನೇ ತಾನೆ ಒಪ್ಕಂಡಿರಾದು?"

"ಒಳ್ಳೇದು ಬರೆದಿದ್ದೀರಾ, ಅಷ್ಟಾದ್ರೂ ಹೇಳಿ."

"ಇರಾದು ಬರ್ದಿವ್ನಿ, ಬುಡು."

ಈ ಉತ್ತರದಿಂದ ನನಗೆ ಸಮಾಧಾನವಾಗಲಿಲ್ಲ ಎಂದು ಅಂದಿನ ಪುಟದಲ್ಲಿದೆ.

ಸಂದರ್ಶನಕ್ಕೆ ಕರೆ ಬಂತು. ಲ್ಯಾಪ್‌ಟಾಪಿನ ಪರದೆಯಲ್ಲಿ ಮೂವರು. ಸೂತ್ರ, ಸಮೀಕರಣ ಎಲ್ಲ ಮುಗಿದ ಮೇಲೆ, ಅವರಲ್ಲಿ ಹಿರಿಯರಾದ ಹೆಂಗಸು ಒಂದು ಕಾಗದ ನೋಡಿಕೊಂಡು, "ಆ ತೂಕದ ಯಂತ್ರದ ಕತೆ ಹೇಳಿ," ಎಂದರು.

ಅದನ್ನು ನಿಂಗರಾಜಣ್ಣ ಬರೆದಿರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಒಂದು ಬೆಳಗ್ಗೆ ಡೇರಿಯ ಯಂತ್ರ ಸೊನ್ನೆಗೆ ಬರುತ್ತಿರಲಿಲ್ಲ. ತಟ್ಟೆ ಖಾಲಿಯಿದ್ದಾಗಲೂ ನೂರು ಗ್ರಾಂ ತೋರಿಸುತ್ತಿತ್ತು. ಅದು ಸರಿಹೋಗುವ ತನಕ ತೂಗುವುದಿಲ್ಲ ಎಂದು ಕೂತೆ. ಕ್ಯೂ ಹಾಲಿನ ಕ್ಯಾನುಗಳ ಸಮೇತ ಇಪ್ಪತ್ತಾರು ನಿಮಿಷ ನಿಂತಿತು. ಆ ನೂರು ಗ್ರಾಮಿನ ಲಾಭ ಡೇರಿಗೆ ಹಾಲು ಹಾಕುವವರಿಗೇ. ಆದ್ದರಿಂದ ಬೈಗುಳ ಇನ್ನೂ ಜೋರು. "ನಮ್ಗೆ ಜಾಸ್ತಿ ಬಂದ್ರೆ ನಿಂಗೇನಮ್ಮ ತೊಂದ್ರೆ?"

"ನಿಮಗೇನು ತೊಂದರೆ?" ಎಂದು ಪರದೆಯ ಹೆಂಗಸೂ ಕೇಳಿದರು.

"ಖಾಲಿ ಇದ್ದಾಗ ಖಾಲಿ ಅಂತ ತೋರಿಸಬೇಕಲ್ವಾ ಮೇಡಂ," ಎಂದೆ. ಮೂವರೂ ಏನನ್ನೋ ಬರೆದುಕೊಂಡರು. ಅದನ್ನೂ ನಾನು ಓದುವಂತಿಲ್ಲ.

ಮೇ ಒಂಬತ್ತಕ್ಕೆ ಸೀಟು ಸಿಕ್ಕಿದ ಸುದ್ದಿ ಬಂತು. ಮೂವತ್ತೊಂದು ಜನರಲ್ಲಿ ಯಾರ ಮಾತು ನಿಜವಾಯಿತೋ ನನಗಿನ್ನೂ ತಿಳಿದಿಲ್ಲ. ಸಂಜೆ ಅಪ್ಪ ಜಗುಲಿಯಲ್ಲಿ ಪಕ್ಕಕ್ಕೆ ಬಂದು ಕೂತರು.

"ಏನ್ ಬರ್ದಿದ್ನಂತೆ ನಿಂಗ್ರಾಜ?"

ಯಂತ್ರದ ಕತೆ ಹೇಳಿದೆ.

"ಅದು ಸಿಪಾರಸಾ, ಇಲ್ಲಾ ದೂರು ಕೊಟ್ಟಿರಾದಾ?"

"ಗೊತ್ತಿಲ್ಲಪ್ಪ. ಅವ್ರು ಸಿಪಾರಸು ಅಂತ ಓದ್ಕೊಂಡಿದ್ದಾರೆ."

ಅಪ್ಪ ಬೀದಿಯ ಕಡೆ ನೋಡುತ್ತ ಹೇಳಿದರು: "ಅವತ್ತು ಬೈದೋರಲ್ಲಿ ನಾನೂ ಒಬ್ಬ ಕಣವ್ವ. ಕ್ಯೂನಾಗೆ ಇಂದೆ ನಿಂತಿದ್ದೆ. ನಿಂಗೆ ದನಿ ಗೊತ್ತಾಗ್ದೆ ಇರ್ಲಿ ಅಂತ ಬಾಯ್ಗೆ ಟವಲ್ ಇಟ್ಕಂಡು ಕೂಗ್ದೆ."

ಒಳಗೆ ಹೋಗಿ ಆ ವರ್ಷದ ಡೈರಿ ತಂದೆ. ತಲೆ ತಗ್ಗಿಸಿಕೊಂಡೇ, ಗುರುತು ಸಿಕ್ಕ ದನಿಗಳನ್ನಷ್ಟೇ ಎಣಿಸಿದ್ದೆ: ಬೈದವರು, ಒಂಬತ್ತು. ಅಪ್ಪನ ಎದುರಿಗೇ ಒಂಬತ್ತನ್ನು ಹೊಡೆದು ಹತ್ತು ಎಂದು ಬರೆದೆ. ಅಪ್ಪ ಕನ್ನಡಕ ಏರಿಸಿ, ಬಗ್ಗಿ ನೋಡಿ, "ಊಂ, ಈಗ್ ಸರಿಯಾಯ್ತು," ಎಂದರು.