ಒರಿಯೆಕ್ಕನ ಕತ್ತಿಯ ಮೇಲಿದ್ದ ಹೆಸರು

ಒರಿಯೆಕ್ಕ ಹಿನಸೆಯವರು. ಒಕಾಯಾಮಾ ಕಡೆಯ, ಕಡಲ ದಂಡೆಯ ಊರು. ಗಂಡ ಟೊಕುಜಿ ಕಡಲಲ್ಲಿ ತೆಪ್ಪ ಕಟ್ಟಿ ತಿನ್ನುವ ಸಿಂಪಿ ಬೆಳೆಸುವವನು, ಇವರು ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಅನ್ನ, ಸಾರು ಬೇಯಿಸುವವರು. ಅಂಥವರಿಗೆ ಹಳೇ ಕತ್ತಿಗಳ ಹುಚ್ಚು ಹೇಗೆ ಹಿಡಿಯಿತು ಅಂತ ನಾನೊಮ್ಮೆ ಕೇಳಿದ್ದೆ.

"ಬಸ್ಸು ತಪ್ಪಿತ್ತು ಕಣೋ. ಬಿಸಿಲು ಅಂತ ಕತ್ತಿ ಇಟ್ಟಿರೋ ಆ ಮ್ಯೂಸಿಯಂ ಒಳಗೆ ಹೋದೆ. ಒಂದು ಅಲಗಿನ ಮೇಲೆ ಮಂಜು ಕೂತಂಗಿತ್ತು. ನನ್ನ ಉಸಿರು ತಾಗಿ ಮಬ್ಬಾಯ್ತೇನೋ ಅಂದ್ಕೊಂಡೆ. ಮಧ್ಯ ಗಾಜಿದೆ, ಉಸಿರು ಹೇಗೆ ತಾಗುತ್ತೆ? ಅದು ಕಬ್ಬಿಣದೊಳಗೇ ಇತ್ತು."

ಅಷ್ಟೇ ಅವರು ಹೇಳಿದ್ದು.

ನಾನು ಒಸಫುನೆಯಲ್ಲಿ ಕ್ಷೌರದಂಗಡಿ ಇಟ್ಟವನು, ನಂಬಾ ಅಂತ. ನಮ್ಮೂರಲ್ಲಿ ಎಂಟುನೂರು ವರ್ಷದಿಂದ ಕತ್ತಿ ಬಡಿಯುತ್ತಾ ಬಂದಿದ್ದಾರೆ, ಹಾಗಾಗಿ ಕತ್ತಿ ನೋಡುವವರ ಒಂದು ಕೂಟವೂ ಇದೆ. ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಹಿರಿಯರು ಅಕಗಿ ಮೇಷ್ಟ್ರು. ಐದು ಕತ್ತಿಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಕಮ್ಮಾರನ ಹೆಸರು ಕೊರೆದಿರುವುದು ಹಿಡಿಯೊಳಗೆ ಅಡಗುವ ಬುಡದ ಮೇಲೆ. ಆ ಬುಡಕ್ಕೆ ಬಟ್ಟೆ ಸುತ್ತಿರುತ್ತದೆ. ಕತ್ತಿಗೆ ತಲೆಬಾಗಿ, ಬಾಯಿ ಮುಚ್ಚಿಕೊಂಡು, ಎತ್ತಿ ನೋಡಬೇಕು. ಎಂಜಲು ಸಿಡಿದರೂ ತುಕ್ಕು. ಆಮೇಲೆ ಚೀಟಿಯಲ್ಲಿ ಇಂಥವನ ಕೆಲಸ ಅಂತ ಬರೆದು ಕೊಡಬೇಕು.

ಮೊದಲ ಸಲ ಅವರು ಬಂದಾಗ ಹೆಂಗಸರು ಅವರೊಬ್ಬರೇ. ನನ್ನ ನಾಲಿಗೆ ಸುಮ್ಮನಿರಲಿಲ್ಲ.

"ಅಕ್ಕಾ, ಇದು ಮೂಲಂಗಿ ಹೆಚ್ಚೋ ಕತ್ತಿ ಅಲ್ಲ."

"ಗಡ್ಡ ಹೆರೆಯೋದೂ ಅಲ್ಲ. ನೀನು ಕೂತಿಲ್ವಾ?" ಅಂದರು.

ಆ ದಿನ ಅವರು ಬರೆದದ್ದೆಲ್ಲ ತಪ್ಪಾಯಿತು. ಮರುವರ್ಷದ ಹೊತ್ತಿಗೆ ನನಗಿಂತ ಹೆಚ್ಚು ಸರಿ ಬರೆಯುತ್ತಿದ್ದರು.

ವಯಸ್ಸು ಮೂವತ್ತು ದಾಟಿದ ಮೇಲೆ ತಮ್ಮದೇ ಒಂದು ಕತ್ತಿ ಕೊಂಡರು. ಒಳನಾಡಿನ ಒಂದು ಹಳೇ ಮನೆ ಕೆಡವುವಾಗ ಸಿಕ್ಕಿದ್ದು. ಅಂಚಿನುದ್ದಕ್ಕೂ, ಕಾಸಿ ನೀರಿಗದ್ದಿ ಹದ ಮಾಡುವಾಗ ಮೂಡಿದ ಬಿಳಿಗೆರೆ, ಲವಂಗದ ಮೊಗ್ಗು ಜೋಡಿಸಿಟ್ಟ ಹಾಗೆ. ಬುಡದ ಮೇಲೆ ನಮ್ಮೂರಿನ ಹಳೇ ಕಮ್ಮಾರರಲ್ಲೇ ದೊಡ್ಡವನೊಬ್ಬನ ಹೆಸರು. ಜೊತೆಗೆ ಹೋಗಿದ್ದ ಅಕಗಿ ಮೇಷ್ಟ್ರು ಬಹಳ ಹೊತ್ತು ನೋಡಿ, "ಒಳ್ಳೇ ಕತ್ತಿ" ಅಂದರು. ಹೆಸರಿನ ಬಗ್ಗೆ ಏನೂ ಅನ್ನಲಿಲ್ಲ. ಒರಿಯೆಕ್ಕನೂ ಕೇಳಲಿಲ್ಲ.

ಟೊಕುಜಿಗೆ ಅದು ಬೇಡವಾಗಿತ್ತು. "ಹೆಣ ಬೀಳಿಸೋ ಸಾಮಾನು ಮನೆಯೊಳಗೆ ಯಾಕೆ? ಹೆಸರು ಇದ್ರೆಷ್ಟು ಬಿಟ್ರೆಷ್ಟು?" ಅಂದನಂತೆ.

"ಸಿಂಪಿ ಬಿಟ್ಟು ನಿಮಗೆ ಇನ್ನೇನ್ರೀ ಗೊತ್ತು?" ಅಂದುಬಿಟ್ಟರಂತೆ ಇವರು.

ಅವನು ಎದ್ದು ತೆಪ್ಪದ ಕಡೆ ಹೋದ. ಮಾರನೇ ದಿನ ಮಹಡಿಯ ಮೇಲೆ, ಉಪ್ಪುಗಾಳಿ ತಾಗದ ಮೂಲೆಯಲ್ಲಿ, ಹಲಗೆ ಬಡಿದು ಒಂದು ಬೀರು ಮಾಡಿಕೊಟ್ಟ. ಮತ್ತೆ ಆ ಮಾತು ಎತ್ತಲಿಲ್ಲ. ಕತ್ತಿಯನ್ನು ಕಣ್ಣೆತ್ತಿ ನೋಡಲೂ ಇಲ್ಲ.

ವರ್ಷಗಳು ಹೋದವು. ಒರಿಯೆಕ್ಕ ಆ ಕತ್ತಿಯನ್ನು ಯಾವತ್ತೂ ಕೂಟಕ್ಕೆ ತರಲಿಲ್ಲ. ಕೇಳಿದರೆ ರೈಲಿನಲ್ಲಿ ಹೊತ್ತು ತರೋದು ಕಷ್ಟ ಅನ್ನುತ್ತಿದ್ದರು. ನಾವು ನಂಬಿದ್ದೆವು.

ಟೊಕುಜಿ ಫೆಬ್ರವರಿಯಲ್ಲಿ ತೀರಿಕೊಂಡ. ಸಿಂಪಿಯ ಸುಗ್ಗಿ, ತೆಪ್ಪದ ಮೇಲೆ ಹಗ್ಗ ಎಳೆಯುತ್ತಿದ್ದವನು ಕೂತ, ಕೂತವನು ಏಳಲಿಲ್ಲ. ಶವಸಂಸ್ಕಾರಕ್ಕೆ ನಾನೂ ಹೋಗಿದ್ದೆ. ಒರಿಯೆಕ್ಕ ಬಂದವರಿಗೆಲ್ಲ ಬಾಗಿ ನಮಸ್ಕರಿಸುತ್ತಿದ್ದರು, ಚಹಾ ಆಯ್ತಾ ಅಂತ ವಿಚಾರಿಸುತ್ತಿದ್ದರು. ಸುಟ್ಟಾದ ಮೇಲೆ ಎಲುಬನ್ನೂ ಕಡ್ಡಿಗಳಲ್ಲಿ ಒಂದೊಂದಾಗಿ ಆರಿಸಿಟ್ಟರು. ಗಟ್ಟಿ ಹೆಂಗಸು ಅಂದರು ಜನ.

ನಲವತ್ತೊಂಬತ್ತನೇ ದಿನದ ಪೂಜೆ ಮುಗಿದ ಮೇಲೂ ಅವರು ಕೂಟಕ್ಕೆ ಬರಲಿಲ್ಲ. ಮಳೆಗಾಲ ಹಿಡಿದಾಗ ನನಗೆ ಕತ್ತಿಯ ಚಿಂತೆಯಾಯಿತು. ಅಂಗಡಿ ರಜೆಯ ದಿನ ಹಿನಸೆಗೆ ಹೋದೆ. ಅವರು ಟಿವಿ ಮುಂದೆ ಕೂತಿದ್ದರು. ಟಿವಿ ಹಾಕಿರಲಿಲ್ಲ.

"ಹೇಗಿದ್ದೀರಕ್ಕಾ?"

"ಇದ್ದೀನಿ."

"ಊಟ?"

"ಮಾಡ್ತೀನಿ. ರುಚಿ ಗೊತ್ತಾಗಲ್ಲ ಅಷ್ಟೇ. ನೋವೂ ಇಲ್ಲ ಕಣೋ. ಹಲ್ಲು ಕೀಳೋಕೆ ಸೂಜಿ ಚುಚ್ಚಿದ ಮೇಲೆ ಕೆನ್ನೆ ಹೇಗಿರುತ್ತೆ, ಹಾಗಿದೆ. ಮುಟ್ಟಿದ್ರೆ ಯಾರದೋ ಕೆನ್ನೆ."

ಬೀರು ತೆಗೆದೆವು. ಟೊಕುಜಿ ಹೋದಾಗಿನಿಂದ ಕತ್ತಿ ಎಣ್ಣೆ ಕಂಡಿರಲಿಲ್ಲ. ಅಲಗಿನ ನಡುವೆ ಒಂದು ಕಡೆ ಬೇಳೆಯಷ್ಟು ಕೆಂಪಗೆ ತುಕ್ಕು.

"ಅಯ್ಯಯ್ಯೋ!" ಅಂದೆ ನಾನು. ಮೊದಲಾಗಿದ್ದರೆ ಅವರು ಒಂದು ಹೊತ್ತಿನ ಊಟ ಬಿಡುತ್ತಿದ್ದರು. ಈಗ ಬೇರೆ ಯಾರದೋ ಮನೆಯ ಪಾತ್ರೆ ನೋಡಿದ ಹಾಗೆ ನೋಡಿದರು.

"ಮುಂದಿನ ಭಾನುವಾರ ತರ್ತೀನಿ. ಸಾಲಿನಲ್ಲಿ ಇಡಿ," ಅಂದರು.

ತಂದರು. ಮೇಷ್ಟ್ರು ಕತ್ತಿ ನೋಡಿ, ಅವರ ಮುಖ ನೋಡಿ, "ಇಡಲೇಬೇಕಾ?" ಅಂತ ಕೇಳಿದರು. "ಇಡಿ," ಅಂದರು ಒರಿಯೆಕ್ಕ. ಬುಡಕ್ಕೆ ತಾವೇ ಬಟ್ಟೆ ಸುತ್ತಿದರು.

ಎಲ್ಲರೂ ನೋಡಿದೆವು, ಬರೆದೆವು. ಮೇಷ್ಟ್ರು ಚೀಟಿಗಳನ್ನು ಓದಿದರು. ಆ ದೊಡ್ಡ ಹೆಸರನ್ನು ಒಬ್ಬರೂ ಬರೆದಿರಲಿಲ್ಲ. ಅದೇ ಒಸಫುನೆಯ ಕೆಲಸ, ಆದರೆ ಬಹಳ ಈಚಿನದು, ಗುಂಪಿನಲ್ಲಿ ದುಡಿದ ಯಾವನೋ ಒಬ್ಬ ಒಳ್ಳೇ ಕಮ್ಮಾರನದು ಅಂತ ಹೆಚ್ಚುಕಡಿಮೆ ಎಲ್ಲರದೂ ಒಂದೇ ಮಾತು. ನಾನೂ ಹಾಗೇ ಬರೆದಿದ್ದೆ. ಕತ್ತಿ ಅವರದೇ ಅಂತ ಗೊತ್ತಿದ್ದೂ ಕಣ್ಣಿಗೆ ಕಂಡದ್ದನ್ನು ಬಿಟ್ಟು ಬರೆಯಲು ಕೈ ಬರಲಿಲ್ಲ.

ಒರಿಯೆಕ್ಕ ಬಟ್ಟೆ ಬಿಚ್ಚಿ ಹೆಸರು ತೋರಿಸಿದರು.

"ನಕಲಿ," ಅಂದರು ಅವರೇ. "ನಂಗೆ ಗೊತ್ತಿತ್ತು. ಇದನ್ನ ಕೊಂಡ ಮೇಲೆ ಒಂದ್ಸಲ ಒಕಾಯಾಮಾದಲ್ಲಿ ಆ ಕಮ್ಮಾರನ ಅಸಲಿ ಕತ್ತಿ ಪ್ರದರ್ಶನಕ್ಕೆ ಇಟ್ಟಿದ್ರಲ್ಲ, ಆಗ ನೋಡಿದೆ. ಹೆಸರು ಕೊರೆಯೋಕೆ ಅವನು ಉಳಿ ಹಿಡಿದ ರೀತೀನೇ ಬೇರೆ. ಮನೆಗೆ ಬಂದಾಗ ನಮ್ಮನೆಯವ್ರು ಸಿಂಪಿ ಒಡೀತಾ ಕೂತಿದ್ರು. 'ಹೇಗಿತ್ತು?' ಅಂದ್ರು. 'ಥೇಟ್ ನಮ್ಮದರ ಥರಾನೇ ಇದೆ' ಅಂದೆ. 'ಹೌದಾ' ಅಂದ್ರು, ತಲೆ ಎತ್ತಲಿಲ್ಲ. ಅಷ್ಟು ದೊಡ್ಡ ಮಾತಾಡಿದ್ದೆನಲ್ಲ, ಹೇಗೆ ಒಪ್ಕೊಳ್ಳಲಿ?"

ಅಕಗಿ ಮೇಷ್ಟ್ರು ಕನ್ನಡಕ ತೆಗೆದು ಕೆಳಗಿಟ್ಟರು.

"ಟೊಕುಜಿಗೂ ಗೊತ್ತಿತ್ತು ತಾಯಿ."

"ಏನು?"

"ನೀವು ಕತ್ತಿ ಕೊಂಡ ಆ ಚಳಿಗಾಲದಲ್ಲೇ ಒಂದು ಬುಟ್ಟಿ ಸಿಂಪಿ ಹೊತ್ಕೊಂಡು ನಮ್ಮನೆಗೆ ಬಂದಿದ್ದ. 'ಮೇಷ್ಟ್ರೇ, ಆ ಹೆಸರು ನಿಜಾನಾ?' ಅಂತ ಕೇಳ್ದ. ಸುಳ್ಳು ಹೇಳೋಕಾಗಲಿಲ್ಲ. ನಾನೇ ಬಂದು ನಿಮಗೆ ಹೇಳ್ತೀನಿ ಅಂದೆ. 'ಖಂಡಿತ ಬೇಡಿ. ಇದು ಸುಳ್ಳು ಅಂತ ಗೊತ್ತಾದ್ರೆ ನಿಜವಾದ್ದನ್ನ ಹುಡ್ಕೊಂಡು ಇನ್ನೊಂದು ತರ್ತಾಳೆ. ಮನೆಗೆ ಒಂದು ಸಾಕು' ಅಂದ."

ಯಾರೋ ನಕ್ಕರು. ನಾನೂ ನಕ್ಕೆ. ಒರಿಯೆಕ್ಕ ನಗಲಿಲ್ಲ.

"ಹೊರಡೋವಾಗ ಬಾಗಿಲಲ್ಲಿ ನಿಂತು ಇನ್ನೊಂದು ಕೇಳ್ದ," ಅಂದರು ಮೇಷ್ಟ್ರು. "'ಹೆಸರು ಹೋಗ್ಲಿ, ಕಬ್ಬಿಣ ಒಳ್ಳೇದಾ?' ಅಂದ. ಒಳ್ಳೇದು ಅಂದೆ. 'ಹಾಗಾದ್ರೆ ಆಯ್ತು ಬಿಡಿ' ಅಂತ ಹೋದ."

"ಹೌದಾ," ಅಂದರು ಒರಿಯೆಕ್ಕ. ಡಬ್ಬಿ ಬಿಚ್ಚಿ ತಂದ ಊಟ ಮಾಡಿದರು. ಉಪ್ಪಿನಕಾಯಿ ನನ್ನ ಕಡೆ ತಳ್ಳಿದರು. ಅವರ ಮುಖದಲ್ಲಿ ಏನೂ ಇರಲಿಲ್ಲ.

ಊಟ ಆದ ಮೇಲೆ, "ಆ ಹೆಸರು ಉಜ್ಜಿಸಿಬಿಡ್ತೀನಿ," ಅಂದರು. ಸುಳ್ಳು ಹೆಸರನ್ನು ಅರದಿಂದ ಉಜ್ಜಿ ತೆಗೆಸುವುದು ನಮ್ಮಲ್ಲಿ ಉಂಟು. ಮೇಷ್ಟ್ರಿಗೆ ಅದು ಇಷ್ಟವಿಲ್ಲ.

"ಆತುರ ಬೇಡ. ತೆಗೆದದ್ದು ಮತ್ತೆ ಬರಲ್ಲ."

"ಇಬ್ಬರೂ ಮುಚ್ಚಿಟ್ಟಿದ್ದು ಸಾಕು ಮೇಷ್ಟ್ರೇ."

ಸಾಣೆಯವನ ಹತ್ತಿರ ನಾನೇ ಜೊತೆಗೆ ಹೋದೆ. ಅವನು ಎರಡು ಸಲ ಕೇಳಿ ಆಮೇಲೆ ಅರ ಹಿಡಿದ. ಒರಿಯೆಕ್ಕ ಮೊಣಕಾಲೂರಿ ಕೂತು ನೋಡುತ್ತಿದ್ದರು. ಹೆಸರು ಹೋದ ಜಾಗ ಹೊಸ ಕಬ್ಬಿಣದ ಹಾಗೆ ಹೊಳೆಯಿತು. ಕೈಬೆರಳಿಂದ ಒಮ್ಮೆ ಸವರಿದರು. "ಏನಾದ್ರೂ ಅನ್ನಿಸ್ತಾ ಅಕ್ಕಾ?" ಅಂದೆ. "ಇಲ್ಲ," ಅಂದರು.

ತುಕ್ಕು ತೆಗೆಯಲು ಕತ್ತಿಯನ್ನು ಅಲ್ಲೇ ಬಿಟ್ಟು ಅವರನ್ನು ಹಿನಸೆಯವರೆಗೂ ಬಿಡಲು ಹೋದೆ. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತೆವು. ಎಲೆಕೋಸು ಹಾಕಿದ ದಪ್ಪ ದೋಸೆ ಕಾವಲಿಯ ಮೇಲೆ ಚುಂಯ್ ಅನ್ನುತ್ತಿತ್ತು. ಸಿಂಪಿಯ ಕಾಲ ಅಲ್ಲ, ಅದರ ಬದಲು ಹಂದಿಮಾಂಸ ಹಾಕಿದ್ದರು. ಒಂದು ತುಂಡು ಬಾಯಿಗಿಟ್ಟುಕೊಂಡವರು ಅಗಿಯುವುದನ್ನು ನಿಲ್ಲಿಸಿದರು. ಊಟದ ಕಡ್ಡಿಗಳನ್ನು ಟಪ್ ಅಂತ ಮೇಜಿಗೆ ಬಡಿದರು.

"ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ನಲ್ಲೋ ಪಾಪಿ! ಥೇಟ್ ನಮ್ಮದರ ಥರಾನೇ ಇದೆ ಅಂದಾಗ ಹೌದಾ ಅಂದ್ನಲ್ಲ! ಒಳಗೊಳಗೆ ಎಷ್ಟು ನಕ್ಕಿರಬೇಕು ಅವನು!"

"ನಕ್ಕಿರಲಿಕ್ಕಿಲ್ಲ ಅಕ್ಕಾ..."

"ನಿಂಗೇನು ಗೊತ್ತು? ನಕ್ಕಿರ್ತಾನೆ! ಒಂದು ಮಾತು ಹೇಳಿದ್ರೆ ನಾನೂ ಹೇಳ್ತಿದ್ದೆ. ಇಬ್ಬರೂ ಕೂತು ನಗ್ತಿದ್ವಿ!"

ಹೋಟೆಲಿನ ಹೆಂಗಸು ತಿರುಗಿ ನೋಡಿದಳು. ಒರಿಯೆಕ್ಕನ ಕುತ್ತಿಗೆ ಕೆಂಪಾಗಿತ್ತು. ಮನೆಗೆ ಹೋದವರೇ ದೇವರಗೂಡಿನ ಮುಂದೆ ಕೂತು, ಊದುಬತ್ತಿಯನ್ನೂ ಹಚ್ಚದೆ, ಟೊಕುಜಿಯ ಫೋಟೋಗೆ ಬೈದರು. ಪಕ್ಕದ ಮನೆಯವರು ಏನಾಯಿತೋ ಅಂತ ಓಡಿ ಬಂದರು.

ಆ ಸಿಟ್ಟು ಬಹಳ ದಿನ ಇರಲಿಲ್ಲ. ನಾನು ಫೋನು ಮಾಡಿದಾಗ ದನಿ ಮತ್ತೆ ಮೊದಲಿನ ಹಾಗೇ ಸಪ್ಪೆ. "ಸಿಟ್ಟೂ ಹೋಯ್ತು ಕಣೋ. ಇದ್ದಿದ್ರೆ ಚೆನ್ನಾಗಿತ್ತು," ಅಂದರು.

ಈಗ ಕೂಟಕ್ಕೆ ತಪ್ಪದೆ ಬರುತ್ತಾರೆ. ನೋಡುತ್ತಾರೆ, ಬರೆಯುತ್ತಾರೆ, ಒಂದೊಂದು ಸರಿಯಾಗುತ್ತದೆ. ಸರಿಯಾಯಿತು ಅಂದರೂ ತಪ್ಪಾಯಿತು ಅಂದರೂ ಒಂದೇ ಥರ ತಲೆ ಆಡಿಸುತ್ತಾರೆ. ಹೊಸಬರು ಬಂದರೆ ತಮ್ಮ ಕತ್ತಿಯನ್ನೇ ಮೊದಲು ಅವರ ಕೈಗೆ ಕೊಡುತ್ತಾರೆ. ಯಾರು ಮಾಡಿದ್ದು ಅಂತ ಕೇಳಿದರೆ, "ಗೊತ್ತಿಲ್ಲ. ನೋಡಿ ನೀವೇ ಹೇಳಿ," ಅಂದು ಗೋಡೆಗೊರಗಿ ಕೂರುತ್ತಾರೆ.